ಕೇಳಿದ್ದು ಆಗದಿದ್ದರೂ ಹಟ್ಟಿಗೆ ಕೊಬ್ಬರಿ

ಕೇಳಿಕೊಂಡಿದ್ದು ಆಗದೇ ಇದ್ದರೂ ಹರಕೆ ತೀರಿಸಬೇಕಾ? ನಾಯಕನಹಟ್ಟಿ ಜಾತ್ರೆ ಹತ್ತಿರ ಬಂತು ಅಂದರೆ ಯಾರಾದರೂ ಒಬ್ಬರು ನನಗೆ ಇದನ್ನ ಕೇಳೇ ಕೇಳುತ್ತಾರೆ. ನಮ್ಮ ಮನೆ ವಿಷಯ ಗೊತ್ತಿರುವವರು. ಮಂಡಕ್ಕಿ ಪೊಟ್ಟಣ ಕೈಯಲ್ಲಿ ಹಿಡಿದು, ಗಾಡಿ ಮುಂದೆ ನಿಂತು ಕೇಳುತ್ತಾರೆ. ಎಣ್ಣೆ ಕಾದಿರುವಾಗ ಇಂಥದ್ದಕ್ಕೆಲ್ಲ ಉತ್ತರ ಹೇಳೋಕೆ ಆಗಲ್ಲ, ಅಲ್ವಾ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಗಾಡಿ. ನನ್ನ ತವರು ಚಳ್ಳಕೆರೆ ಸೀಮೆಯ ಒಂದು ಹಳ್ಳಿ. ನಾಯಕನಹಟ್ಟಿಗೆ ನಾವು ಬರೀ ಹಟ್ಟಿ ಅಂತಲೇ ಅನ್ನುವುದು. ಅಲ್ಲಿನ ತಿಪ್ಪೇರುದ್ರಸ್ವಾಮಿ ನಮ್ಮ ಕಡೆ ಎಷ್ಟು ಹತ್ತಿರದ ದೇವರು ಅಂದರೆ, ಮನೆಗೊಬ್ಬ ತಿಪ್ಪೇಸ್ವಾಮಿ, ಓಣಿಗೊಬ್ಬಳು ತಿಪ್ಪಮ್ಮ ಇದ್ದೇ ಇರುತ್ತಾರೆ. ನನ್ನ ಪುಣ್ಯ, ಗಂಡನ ಮನೆಯವರೂ ಅದೇ ಸ್ವಾಮಿಗೆ ನಡೆದುಕೊಳ್ಳುವವರು.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರಿಗೆ ಲಕ್ವ ಹೊಡೆಯಿತು. ಬೆಳಗ್ಗೆ ಮುಖ ತೊಳೆಯಲು ಹೋದವರು ಬಚ್ಚಲಲ್ಲೇ ಕುಸಿದರು. ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು, ಮಾತು ತೊದಲಿತು. ಆಸ್ಪತ್ರೆ ವರಾಂಡದಲ್ಲಿ ಕೂತು ನಾನು ಹರಕೆ ಹೊತ್ತೆ. ಸ್ವಾಮಿ, ಇವರು ಮೊದಲಿನ ಹಾಗೆ ಓಡಾಡಲಿ, ಮತ್ತೆ ಗಾಡಿ ಮುಂದೆ ನಿಂತು ಎಣ್ಣೆಗೆ ಮೆಣಸಿನಕಾಯಿ ಬಿಡಲಿ, ನಿನ್ನ ಜಾತ್ರೆಗೆ ಬಂದು ಚೀಲ ತುಂಬ ಕೊಬ್ಬರಿ ಸುಡುತ್ತೇನೆ ಅಂತ.

ಅವರು ಮೊದಲಿನ ಹಾಗೆ ಆಗಲಿಲ್ಲ. ಮಾತು ವಾಪಸ್ ಬಂತು. ಕೋಲು ಹಿಡಿದು, ಕಾಲು ಎಳೆದುಕೊಂಡು ನಡೆಯುತ್ತಾರೆ. ಬಲಗೈ ಮಾತ್ರ ಇವತ್ತಿಗೂ ಎದೆಗೆ ಅಂಟಿಕೊಂಡೇ ಇದೆ. ಗಾಡಿ ನನ್ನ ಕೈಗೆ ಬಂತು.

ಮುಂದಿನ ಜಾತ್ರೆ ಹೊತ್ತಿಗೆ ಅತ್ತೆ ಕೇಳಿದರು, “ಕೊಬ್ಬರಿ ತಂದೆಯೇನಮ್ಮಾ?”

“ಅವರ ಕೈ ಇನ್ನೂ ಮೇಲೇಳ್ತಿಲ್ಲವಲ್ಲ ಅತ್ತೆ” ಅಂದೆ.

“ಅದಕ್ಕೆ? ಅವನೇನು ನಮಗೆ ಸಾಲ ಕೊಡಬೇಕಿತ್ತಾ? ಮಗನ್ನ ಉಳಿಸಿಕೊಟ್ಟವ್ನೆ. ನಡಿ, ಪೇಟೆಗೆ ಹೋಗಿ ತರಾನ.”

ಅಷ್ಟೇ. ಅತ್ತೆ ಓದಿದವರಲ್ಲ, ಪ್ರವಚನ ಕೇಳಿದವರೂ ಅಲ್ಲ. ಆದರೆ ಆ ಒಂದು ಮಾತಿನ ಮೇಲೆ ನಾನು ಇವತ್ತಿನವರೆಗೂ ನಿಂತಿದ್ದೇನೆ.

ಹಟ್ಟಿ ಜಾತ್ರೆ ನೋಡದವರಿಗೆ ಸ್ವಲ್ಪ ಹೇಳಬೇಕು. ಹೋಳಿ ಹುಣ್ಣಿಮೆ ಕಳೆದ ಮೇಲೆ, ಫಾಲ್ಗುಣ ಮಾಸದ ಚಿತ್ತಾ ನಕ್ಷತ್ರದಲ್ಲಿ ದೊಡ್ಡ ತೇರು. ಬಿಸಿಲು ಅಂದರೆ ಬಿಸಿಲು. ಊರೊಳಗೆ ಒಳಮಠ, ಊರಾಚೆ ಹೊರಮಠ. ಸ್ವಾಮಿ ಐಕ್ಯವಾದದ್ದು ಹೊರಮಠದಲ್ಲಿ. ತೇರು ಎಳೆಯುವ ಮುಂಚೆ ಮುಕ್ತಿ ಬಾವುಟದ ಹರಾಜು ನಡೆಯುತ್ತದೆ, ಲಕ್ಷಗಟ್ಟಲೆ ಕೂಗುತ್ತಾರೆ. ತೇರು ಅಲುಗಾಡಿದ್ದೇ ತಡ, ನಾಲ್ಕೂ ಕಡೆಯಿಂದ ಬಾಳೆಹಣ್ಣು ತೂರಿ ಬರುತ್ತವೆ. ನನಗೆ ಇವೆಲ್ಲಕ್ಕಿಂತ ಕೊಬ್ಬರಿ ಬೆಂಕಿಯೇ ಹೆಚ್ಚು. ಬಡವರು, ಕೂಲಿಯವರು, ಸಾಹುಕಾರರು ಎಲ್ಲರೂ ಒಂದೇ ಬೆಂಕಿಗೆ ಹಾಕುವುದು, ಯಾರ ಕೊಬ್ಬರಿ ಯಾವುದು ಅಂತ ಒಂದು ನಿಮಿಷ ಆದಮೇಲೆ ಗೊತ್ತಾಗಲ್ಲ.

ಒಣ ಕೊಬ್ಬರಿ ಬೆಂಕಿಗೆ ಬಿದ್ದರೆ ತಕ್ಷಣ ಹತ್ತಿಕೊಳ್ಳುವುದಿಲ್ಲ. ಮೊದಲು ಅಂಚು ಕಪ್ಪಾಗುತ್ತದೆ. ಆಮೇಲೆ ಬಟ್ಟಲಿನ ಒಳಗೆ ಎಣ್ಣೆ ಜಿನುಗಿ ಗುಳ್ಳೆ ಗುಳ್ಳೆಯಾಗಿ ಕುದಿಯುತ್ತದೆ, ಚುರ್ರ್ ಅಂತ ಸದ್ದು ಮಾಡುತ್ತದೆ. ಅಷ್ಟು ಹೊತ್ತು ಸುಮ್ನೆ ಇದ್ದದ್ದು ಇದ್ದಕ್ಕಿದ್ದಂತೆ ಭಗ್ ಅಂತ ಎದ್ದು ಹಳದಿ ಉರಿಯಾಗುತ್ತದೆ, ಮೇಲೆ ಕಪ್ಪು ಹೊಗೆ. ಹತ್ತಿರ ನಿಲ್ಲಲು ಆಗುವುದಿಲ್ಲ, ಮುಖ ಸುಡುತ್ತದೆ. ಸೀರೆಗೆ ಹತ್ತಿದ ಆ ವಾಸನೆ ಎರಡು ಸಲ ಒಗೆದರೂ ಬಿಡಲ್ಲ. ನಮ್ಮ ಮನೆಯವರು ಎಡಗೈಯಲ್ಲಿ ಒಂದೊಂದೇ ಬಟ್ಟಲು ಎಸೆದರು. ಎಡಗೈ ಅಭ್ಯಾಸ ಇಲ್ಲ, ಮೊದಲನೆಯದು ಬೆಂಕಿಯ ಆಚೆ ಹೋಗಿ ಬಿತ್ತು. ಪಕ್ಕದಲ್ಲಿದ್ದ ಅಪರಿಚಿತ ಹುಡುಗನೊಬ್ಬ ಓಡಿಹೋಗಿ ಎತ್ತಿ ತಂದು ಮತ್ತೆ ಅವರ ಕೈಗೇ ಕೊಟ್ಟ. ತಾನೇ ಬೆಂಕಿಗೆ ಹಾಕಬಹುದಿತ್ತು, ಹಾಕಲಿಲ್ಲ. “ನೀವೇ ಹಾಕಿ ಅಣ್ಣಾ” ಅಂದ. ಆ ಮಗುವಿಗೆ ಸ್ವಾಮಿ ಒಳ್ಳೆಯದು ಮಾಡಲಿ.

ತಿನ್ನುವ ಕೊಬ್ಬರಿ ಸುಟ್ಟು ಹಾಳು ಮಾಡುತ್ತಾರೆ ಅನ್ನುವವರಿದ್ದಾರೆ. ಇರಲಿ. ನಾವು ಗಾಡಿಯಲ್ಲಿ ದುಡಿದ ದುಡ್ಡಿನ ಕೊಬ್ಬರಿ ಅದು, ಅದರ ಬೆಲೆ ನಮಗೆ ಚೆನ್ನಾಗಿ ಗೊತ್ತು. ಬೆಲೆ ಗೊತ್ತಿರುವುದನ್ನೇ ಅಲ್ವಾ ಕೊಡಬೇಕಾದ್ದು?

ಇನ್ನೊಂದು ಮಾತಿದೆ, ಅದನ್ನ ಹೇಳದೆ ಮುಂದೆ ಹೋಗೋಕೆ ಆಗಲ್ಲ. “ಮಾಡಿದಷ್ಟು ನೀಡು ಭಿಕ್ಷೆ.” ಇದು ತಿಪ್ಪೇರುದ್ರಸ್ವಾಮಿಯ ಮಾತು ಅಂತ ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ನಮ್ಮ ಮನೆಯವರು ಮಲಗಿದ್ದಾಗ ನೋಡಲು ಬಂದ ನೆಂಟರೊಬ್ಬರು ಇದೇ ಮಾತು ಎತ್ತಿದರು. ಮಾಡಿದಷ್ಟೇ ಅಲ್ಲವೇ ಸಿಗೋದು, ಯಾವ ಜನ್ಮದ್ದೋ ಏನೋ ಅಂತ. ಹಾಸಿಗೆ ಹಿಡಿದವರ ಎದುರಿಗೇ. ಅವತ್ತು ನನಗಾದ ಸಂಕಟ ಹೇಳತೀರದು. ಬೆಳಗಿನಿಂದ ರಾತ್ರಿವರೆಗೂ ನಿಂತು ದುಡಿದ ಮನುಷ್ಯ, ಯಾರಿಗೂ ಒಂದು ಮಾತು ಅನ್ನದವರು, ಅವರು ಮಾಡಿದ್ದಾದರೂ ಏನು?

ಆಮೇಲೆ ತವರಿನಲ್ಲಿ ಅಪ್ಪ ಹೇಳುತ್ತಿದ್ದ ಕಥೆ ನೆನಪಿಗೆ ಬಂತು. ಸ್ವಾಮಿ ಆ ಬರಡು ಸೀಮೆಗೆ ಬಂದು ಜನರನ್ನ ಸೇರಿಸಿ ಕೆರೆಗಳನ್ನ ಕಟ್ಟಿಸಿದರು. ಸಂಜೆ ಕೆಲಸ ಮುಗಿದ ಮೇಲೆ ಮರಳಿನ ಗುಡ್ಡೆ ಮಾಡಿಸುತ್ತಿದ್ದರಂತೆ. ಕೂಲಿಯವರು ತಮ್ಮ ತಮ್ಮ ಗುಡ್ಡೆ ಕೆದಕಿದರೆ, ಅವತ್ತು ಯಾರು ಎಷ್ಟು ಮಣ್ಣು ಹೊತ್ತಿದ್ದರೋ ಅವರಿಗೆ ಅಷ್ಟು ಕೂಲಿ ಸಿಗುತ್ತಿತ್ತಂತೆ. ಯಾರ ಬೆವರೂ ದಂಡವಾಗಲಿಲ್ಲ, ಯಾರೂ ಇನ್ನೊಬ್ಬರದ್ದನ್ನ ಕಸಿಯಲಿಲ್ಲ. ಆ ಮಾತು ಹುಟ್ಟಿದ್ದು ಕೆರೆ ಏರಿ ಮೇಲೆ, ಮಣ್ಣು ಹೊತ್ತವರ ಮಧ್ಯೆ. ದುಡಿದವರಿಗೆ ಧೈರ್ಯ ಕೊಡಲು ಇರುವ ಮಾತು ಅದು. ಅದನ್ನ ತಂದು ರೋಗಿಯನ್ನ ತೂಗಬಾರದು. ಇದು ನನ್ನ ಗಟ್ಟಿ ನಂಬಿಕೆ. ಪಂಡಿತರು ಬೇರೆ ಹೇಳಬಹುದು, ನಾನು ಮಾತ್ರ ಇದನ್ನ ಬಿಡುವುದಿಲ್ಲ.

ಸ್ವಾಮಿಯನ್ನ ಪಂಚ ಗಣಾಧೀಶರಲ್ಲಿ ಒಬ್ಬರು ಅನ್ನುತ್ತಾರೆ. ಕೊಟ್ಟೂರಿನ ಬಸವೇಶ್ವರ, ಹರಪನಹಳ್ಳಿಯ ಕೆಂಪೇಶ್ವರ, ಕೂಲಹಳ್ಳಿಯ ಮದ್ದಾನೇಶ್ವರ, ಹರಪನಹಳ್ಳಿ ಕಡೆಯ ಅರಸೀಕೆರೆಯ ಕೋಲಶಾಂತೇಶ್ವರ, ಜೊತೆಗೆ ನಮ್ಮ ತಿಪ್ಪೇರುದ್ರಸ್ವಾಮಿ. ಎಲ್ಲರೂ ಒಣಭೂಮಿಯ ಊರುಗಳಲ್ಲೇ ನೆಲೆ ನಿಂತವರು ನೋಡಿ. ದಾವಣಗೆರೆ ಜನ ಪ್ರತಿವರ್ಷ ಕೊಟ್ಟೂರಿಗೆ ಪಾದಯಾತ್ರೆ ಹೋಗುವುದನ್ನ ನೀವೂ ನೋಡಿರುತ್ತೀರಿ. ಬೊಬ್ಬೆ ಎದ್ದ ಪಾದಕ್ಕೆ ಬಟ್ಟೆ ಸುತ್ತಿಕೊಂಡು ನಡೆಯುತ್ತಾರೆ.

ಚಳ್ಳಕೆರೆ ಸೀಮೆಯಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ ಅದು ಒಳ್ಳೆಯ ವರ್ಷ. ಶೇಂಗಾ ಬಿತ್ತುವುದು, ಆಕಾಶ ನೋಡುವುದು. 2023ರಲ್ಲಿ ರಾಜ್ಯದ ತುಂಬಾ ಬರ ಬಿತ್ತು. ನಮ್ಮ ತವರಿನ ಹೊಲದಲ್ಲಿ ಗಿಡ ಕಿತ್ತರೆ ಬರೀ ಬೇರು, ಕಾಯಿ ಇಲ್ಲ. ಹಾಗಂತ 2024ರ ಮಾರ್ಚ್‌ನಲ್ಲಿ ತೇರಿಗೆ ಬರದೆ ಉಳಿದವರು ನಮ್ಮ ಊರಲ್ಲಿ ಯಾರೂ ಇರಲಿಲ್ಲ. ನಮ್ಮಣ್ಣ ಬೀಜಕ್ಕೆ ಮಾಡಿದ ಸಾಲ ತಲೆ ಮೇಲೆ ಇಟ್ಟುಕೊಂಡೇ ಬಂದು ತೇರಿನ ಮಿಣಿ ಹಿಡಿದ. ಅವನ ಮುಖದಲ್ಲಿ ದೂರು ಇತ್ತಾ ಅಂತ ನಾನು ನೋಡಿದೆ. ದಣಿವಿತ್ತು, ದೂರು ಕಾಣಲಿಲ್ಲ.

ಕಷ್ಟದಲ್ಲಿ ದೇವರನ್ನ ಬಿಡದೇ ಇರುವುದು ಅಂದಾಗ ನನಗೆ ಮಾರಿಕಣಿವೆ ನೆನಪಾಗುತ್ತದೆ. ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ. 1907ರಲ್ಲಿ ಕಟ್ಟಿ ಮುಗಿದ ಆ ಕಟ್ಟೆ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಅಷ್ಟು ವರ್ಷದಲ್ಲಿ ಎಷ್ಟು ಜನ ಹುಟ್ಟಿ, ಬೆಳೆದು, ಮುದುಕರಾಗಿ, ಕೋಡಿ ನೋಡದೆಯೇ ಹೋಗಿಬಿಟ್ಟರು. ಆದರೂ ಅಲ್ಲಿನ ಕಣಿವೆ ಮಾರಮ್ಮನಿಗೆ ನಡೆದುಕೊಳ್ಳುವುದನ್ನ ಜನ ಬಿಟ್ಟಿರಲಿಲ್ಲ. ನೀರು ತುಂಬಲಿಲ್ಲ ಅಂತ ಅಮ್ಮನ ಗುಡಿಗೆ ಬೀಗ ಬೀಳಲಿಲ್ಲ. 2022ರಲ್ಲಿ ಕೋಡಿ ನೋಡಲು ನೂಕುನುಗ್ಗಲು, ನಾವೂ ಹೋಗಿದ್ದೆವು. ನೀರು ಧುಮುಕುವುದನ್ನ ನೋಡುತ್ತಾ ಒಬ್ಬ ಅಜ್ಜ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅವರನ್ನ ಮಾತಾಡಿಸಲು ಮನಸ್ಸು ಬರಲಿಲ್ಲ.

ಜಾತ್ರೆ ವರ್ಷಕ್ಕೊಮ್ಮೆ. ಉಳಿದ ದಿನಗಳದ್ದೇ ದೊಡ್ಡ ವಿಷಯ. ಕಷ್ಟ ಬಂದಾಗ ದೇವರು ತಾನಾಗಿ ನೆನಪಾಗುತ್ತಾನೆ, ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಏನೂ ಆಗದ ದಿನ ಇರುತ್ತದಲ್ಲ, ಜ್ವರ ಇಲ್ಲ, ಜಗಳ ಇಲ್ಲ, ವ್ಯಾಪಾರ ಸಾಧಾರಣ, ಸಂಜೆ ಆಯಿತು ರಾತ್ರಿ ಆಯಿತು ಅನ್ನುವಂಥ ದಿನ, ಅವತ್ತು ಕೈ ಮುಗಿಯುವುದೇ ಮರೆತುಹೋಗುತ್ತದೆ. ಲಕ್ವ ಹೊಡೆದ ಮನೆಯಲ್ಲಿ ಮಾತ್ರ ಅಂಥ ದಿನದ ಬೆಲೆ ಗೊತ್ತಾಗುತ್ತದೆ. ಇವರು ಒಂದು ಲೋಟ ನೀರನ್ನ ತಾವೇ ಎತ್ತಿ ಕುಡಿದರು ಅಂದರೆ ಅವತ್ತು ನಮಗೆ ಹಬ್ಬ.

ಗಾಡಿ ಹೂಡುವ ಮುಂಚೆ ನಾನು ಮಾಡುವುದು ಇಷ್ಟೇ. ಬಾಣಲೆಗೆ ಎಣ್ಣೆ ಸುರಿಯುವ ಮೊದಲು ಸ್ಟೋವಿಗೆ ವಿಭೂತಿ ಹಚ್ಚುತ್ತೇನೆ. ಮೊದಲು ಕಲೆಸಿದ ಮಂಡಕ್ಕಿ, ಅಂದರೆ ಪುಟಾಣಿ ಹಿಟ್ಟು ಉದುರಿಸಿ, ಈರುಳ್ಳಿ ಕೊತ್ತಂಬರಿ ಹಾಕಿ, ಮೇಲೆ ಒಂದು ಬಿಸಿ ಮೆಣಸಿನಕಾಯಿ ಇಟ್ಟ ಮೊದಲ ಪೊಟ್ಟಣ, ಅದು ಮಾರಾಟಕ್ಕಲ್ಲ. ರಸ್ತೆ ಗುಡಿಸುವ ಅಕ್ಕನೋ, ಹಮಾಲಿ ಮಾಡುವ ಅಜ್ಜನೋ, ಆ ಹೊತ್ತಿಗೆ ಯಾರು ಬಂದರೋ ಅವರಿಗೆ. ನಮ್ಮ ಮನೆಯವರು ಪಕ್ಕದ ಸ್ಟೂಲ್ ಮೇಲೆ ಕೂತಿರುತ್ತಾರೆ. ಎಡಗೈಯಲ್ಲೇ ಚಿಲ್ಲರೆ ಎಣಿಸುತ್ತಾರೆ, ಬಂದವರನ್ನ ಮಾತಾಡಿಸುತ್ತಾರೆ, ಫೋನ್‌ಪೇ ಬಂತಾ ಅಂತ ನೋಡುತ್ತಾರೆ. ನಾನು ಕೇಳಿಕೊಂಡಿದ್ದು ಅವರು ಮತ್ತೆ ಗಾಡಿ ಮುಂದೆ ನಿಲ್ಲಲಿ ಅಂತ. ನಿಲ್ಲಲಿಲ್ಲ, ಪಕ್ಕದಲ್ಲಿ ಕೂತರು. ಇದನ್ನ ಸ್ವಾಮಿ ಕೊಡಲಿಲ್ಲ ಅಂತ ಹೇಗೆ ಹೇಳಲಿ?

ಎಲ್ಲಾ ದಿನವೂ ಹೀಗೇ ಸಮಾಧಾನವಾಗಿ ಇರುತ್ತೇನೆ ಅಂತಲ್ಲ. ಮಳೆ ಹಿಡಿದು ಗಾಡಿ ಹಾಕಲು ಆಗದೆ, ಮಾತ್ರೆ ಚೀಟಿ ಕೈಯಲ್ಲಿದ್ದು ದುಡ್ಡಿಲ್ಲದ ರಾತ್ರಿಗಳಲ್ಲಿ ಸ್ವಾಮಿ ಫೋಟೋ ಮುಂದೆ ಕೂತು ಜಗಳ ಆಡಿದ್ದೇನೆ. ಜೋರಾಗಿಯೇ ಆಡಿದ್ದೇನೆ. ಸತ್ತ ಎಮ್ಮೆಯನ್ನ ಎಬ್ಬಿಸಿ ಹಾಲು ಕರೆಸಿದವನಂತೆ ನೀನು, ಬದುಕಿರುವ ಮನುಷ್ಯನ ಒಂದು ಕೈ ಎತ್ತಲು ಆಗಲಿಲ್ಲವಾ ಅಂತ ಕೇಳಿದ್ದೇನೆ. ಹೀಗೆ ಕೇಳುವುದು ಭಕ್ತಿಗೆ ಕಡಿಮೆ ಅಂತ ನನಗೆ ಅನಿಸುವುದಿಲ್ಲ. ನಮ್ಮವರ ಹತ್ತಿರವೇ ಅಲ್ವಾ ಜಗಳ ಆಡುವುದು? ಜಗಳ ಆಡಿದ ಮಾರನೇ ದಿನವೂ ಸ್ಟೋವಿಗೆ ವಿಭೂತಿ ಹಚ್ಚಿದ್ದೇನೆ, ಮೊದಲ ಪೊಟ್ಟಣ ಕೊಟ್ಟಿದ್ದೇನೆ. ಅದೊಂದು ತಪ್ಪಿಲ್ಲ.

ಹರಕೆ ತೀರಿಸಬೇಕಾ ಅಂತ ಕೇಳುವವರಿಗೆ ನನ್ನ ಹತ್ತಿರ ಇರುವುದು ಇಷ್ಟೇ. ನಿಮ್ಮ ಕಷ್ಟ ನನಗೆ ಗೊತ್ತಿಲ್ಲ, ಮಗುವನ್ನೇ ಕಳೆದುಕೊಂಡವರಿಗೆ ಹೋಗಿ ಕೊಬ್ಬರಿ ಸುಡಿ ಅಂತ ಹೇಳುವ ಬಾಯಿ ನನಗಿಲ್ಲ. ನಮ್ಮ ಮನೆಯಲ್ಲಿ ಹೀಗಾಯಿತು, ನಾವು ಹೀಗೆ ಮಾಡಿದೆವು, ಮಾಡಿದ್ದಕ್ಕೆ ಮನಸ್ಸು ಹಗುರಾಯಿತು.

ಈ ಸಲ ತೇರಿನ ಹಿಂದಿನ ದಿನವೇ ಹೊರಡುವುದು ಅಂತ ಮಾತಾಗಿದೆ. ಚಿತ್ರದುರ್ಗದವರೆಗೆ ಒಂದು ಬಸ್ಸು, ಅಲ್ಲಿಂದ ಹಟ್ಟಿಗೆ ಇನ್ನೊಂದು. ತೇರಿನ ದಿನ ರಶ್ ಜಾಸ್ತಿ, ಕೋಲು ಹಿಡಿದವರನ್ನ ಹತ್ತಿಸುವುದು ಕಷ್ಟ. ಅತ್ತೆಗೂ ಈಗ ಮಂಡಿ ನೋವು, ಆದರೂ ಬಂದೇ ಬರುತ್ತೇನೆ ಅನ್ನುತ್ತಿದ್ದಾರೆ. ಹರಕೆಯ ಕೊಬ್ಬರಿ ಯಾವತ್ತೋ ತೀರಿತು, ಈಗ ತಗೊಂಡು ಹೋಗುವುದು ಸುಮ್ನೆ ನಮ್ಮ ಸಂತೋಷಕ್ಕೆ. ಮೊನ್ನೆ ರಾತ್ರಿ ಗಾಡಿ ತೊಳೆಯುತ್ತಾ ನಮ್ಮ ಮನೆಯವರನ್ನ ಕೇಳಿದೆ, ಈ ಸಲ ಸ್ವಾಮಿ ಹತ್ತಿರ ಏನು ಕೇಳಿಕೊಳ್ಳೋಣ ಅಂತ.

“ಏನೂ ಬೇಡ ಕಣೇ, ನೋಡ್ಕೊಂಡು ಬರೋಣ” ಅಂದರು.