ಬಲಗೈಗೆ ಮತ್ತೆ ತುತ್ತು ಸಿಕ್ಕಿದ ದಿನ

ಬಲ ಭುಜದ ಕೀಲನ್ನು ಬದಲಾಯಿಸಿಕೊಂಡು ತುಮಕೂರಿನ ಮನೆಗೆ ಮರಳಿದ ಮೇಲೆ ನನ್ನನ್ನು ಹೆಚ್ಚು ಕಾಡಿದ್ದು ನೋವಲ್ಲ, ನಿದ್ದೆ. ಅಂಗಾತ ಮಲಗಿದರೆ ಮೊಣಕೈ ಹಿಂದಕ್ಕೆ ಜಾರಿ, ಹೊಲಿಗೆ ಹಾಕಿದ ಸ್ನಾಯು ಎಳೆದಂತಾಗುತ್ತಿತ್ತು; ಆದ್ದರಿಂದ ಮೊದಲ 3 ವಾರ ಆರಾಮ ಕುರ್ಚಿಯಲ್ಲಿ ಒರಗಿ, ಮೊಣಕೈಯ ಕೆಳಗೆ ಮಡಿಸಿದ ಟವೆಲ್ ಇಟ್ಟುಕೊಂಡೇ ರಾತ್ರಿಗಳನ್ನು ಕಳೆದೆ.

ನನಗೆ ಮಾಡಿದ್ದು ರಿವರ್ಸ್ ವಿಧಾನದ ಶಸ್ತ್ರಚಿಕಿತ್ಸೆ. ಸಹಜ ಭುಜದಲ್ಲಿ ಕೀಲಿನ ಗುಂಡು ತೋಳಿನ ಮೂಳೆಯ ತುದಿಯಲ್ಲೂ ಅದು ಕೂರುವ ಬಟ್ಟಲು ಹೆಗಲ ಮೂಳೆಯಲ್ಲೂ ಇರುತ್ತವೆ. ಈ ವಿಧಾನದಲ್ಲಿ ಅವು ಅದಲುಬದಲಾಗಿ, ಹರಿದುಹೋದ ಒಳಸ್ನಾಯುಗಳ ಬದಲಿಗೆ ಹೊರಗಿನ ಡೆಲ್ಟಾಯ್ಡ್ ಸ್ನಾಯು ತೋಳನ್ನು ಎತ್ತುವ ಕೆಲಸ ವಹಿಸಿಕೊಳ್ಳುತ್ತದೆ. ಹಾಗಾಗಿ ಅವಸರ ಸಲ್ಲದೆಂದು ಫಿಸಿಯೋಥೆರಪಿ ಮೇಡಂ ತಿಳಿಹೇಳಿದರು. ದಿನಕ್ಕೆ 3 ಬಾರಿ ಮೇಜಿಗೆ ಎಡಗೈ ಊರಿ ಬಾಗಿ, ಬಲಗೈಯನ್ನು ಬಾವಿಗೆ ಇಳಿಬಿಟ್ಟ ಹಗ್ಗದಂತೆ ಸಡಿಲವಾಗಿ ತೂಗಾಡಿಸುತ್ತಿದ್ದೆ.

ಎಡಗೈಯಲ್ಲಿ ಉಣ್ಣಲು ಮನಸ್ಸು ಒಪ್ಪದ ನನಗೆ ಹೆಂಡತಿಯೇ ಮುದ್ದೆ ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದಳು. ಕುರ್ಚಿಯಿಂದ ಏಳುವಾಗ ಮರೆತು ಬಲಗೈ ಊರಲು ಹೋದರೆ ಗದರುತ್ತಿದ್ದವಳೂ ಅವಳೇ. ಬಲಗೈಯನ್ನು ಕೊರಳಿಗೆ ತೂಗುಹಾಕಿದ್ದ ಪಟ್ಟಿ (ಸ್ಲಿಂಗ್) ಬಿಚ್ಚಿದ 7ನೇ ವಾರದಲ್ಲಿ ಮೊದಲ ತುತ್ತನ್ನು ನಾನೇ ಬಾಯಿಗೆ ತಂದುಕೊಂಡೆ. ಕೈ ನಡುಗುತ್ತಿತ್ತು, ಅವಳು ಸಾರಿನ ಸೌಟು ಹಿಡಿದು ಹಾಗೆಯೇ ನಿಂತಿದ್ದಳು.