ಗದ್ದೆಯ ಕಳೆಗೂ ಒಂದು ರೋಗ ಬರಲಿ

ನಮ್ಮ ಕಡೆ ಶಿಲೀಂಧ್ರ ಅಂದರೆ ನಷ್ಟ ಅಂತಲೇ ಲೆಕ್ಕ. ಕಾಫಿಗೆ ಎಲೆ ತುಕ್ಕು, ಭತ್ತಕ್ಕೆ ಬೆಂಕಿ ರೋಗ. ಹೀಗಿರುವಾಗ ಶಿಲೀಂಧ್ರವನ್ನೇ ಗದ್ದೆಗೆ ಹೊಡೆದು ಕಳೆ ಸಾಯಿಸಬಹುದು ಎಂದರೆ ಮೂಡಿಗೆರೆ, ಸಕಲೇಶಪುರದ ಕಡೆ ಯಾರೂ ಸುಲಭವಾಗಿ ನಂಬುವುದಿಲ್ಲ. ಆದರೆ ಇದು ಆಗಲೇ ನಡೆದಿರುವ ಕೆಲಸ, ಅದೂ ಭತ್ತದ ಗದ್ದೆಯಲ್ಲೇ.

ಅಮೆರಿಕದ ಅರ್ಕಾನ್ಸಾದಲ್ಲಿ ಭತ್ತದ ನಡುವೆ ಬೆಳೆಯುವ ಒಂದು ದ್ವಿದಳ ಕಳೆ ಇದೆ. ಅದರ ಕಪ್ಪು ಬೀಜ ಭತ್ತದ ಜೊತೆ ಸೇರಿಕೊಂಡು ಬೆಲೆ ಇಳಿಸುತ್ತಿತ್ತು. ಆ ಗಿಡಕ್ಕೆ ತಾನಾಗೇ ಒಂದು ರೋಗ ಬರುತ್ತಿದ್ದದ್ದನ್ನು ಅಲ್ಲಿನ ವಿಜ್ಞಾನಿಗಳು ಗಮನಿಸಿದರು. ರೋಗ ತರುತ್ತಿದ್ದದ್ದು ಕೊಲೆಟೋಟ್ರೈಕಮ್ ಜಾತಿಯ ಒಂದು ಶಿಲೀಂಧ್ರ. ಅದನ್ನು ಬೆಳೆಸಿ, ಅದರ ಬೀಜಕಗಳನ್ನು, ಅಂದರೆ ಬೀಜದಂತೆ ಮೊಳೆಯುವ ಸಣ್ಣ ಕಣಗಳನ್ನು ಒಣಗಿಸಿ ‘ಕೊಲೆಗೊ’ ಎಂಬ ಹೆಸರಿನಲ್ಲಿ ತಂದರು. 1982ರಲ್ಲಿ ಸರ್ಕಾರದ ನೋಂದಣಿಯೂ ಆಯಿತು. ನೀರಿಗೆ ಕಲಸಿ ಸಿಂಪಡಿಸಿದರೆ ಕಳೆಯ ಕಾಂಡದ ಸುತ್ತ ಹುಣ್ಣು ಎದ್ದು ಗಿಡ ಒಣಗುತ್ತದೆ. ಪಕ್ಕದಲ್ಲೇ ಇರುವ ಭತ್ತಕ್ಕೆ ಏನೂ ಆಗುವುದಿಲ್ಲ.

ಅದು ಹೇಗೆ ಸಾಧ್ಯ ಅನ್ನುವವರು ಯಾವುದಾದರೂ ಕಾಫಿ ತೋಟ ನೋಡಿ. ಅರೇಬಿಕಾ ತುಕ್ಕು ಹಿಡಿದು ಎಲೆ ಉದುರಿಸಿಕೊಂಡು ನಿಂತಿದ್ದರೂ ಅದರ ಪಕ್ಕದ ಸಿಲ್ವರ್ ಓಕ್‌ಗಾಗಲಿ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಾಗಲಿ ಆ ತುಕ್ಕು ಹತ್ತುವುದಿಲ್ಲ, ಯಾಕೆಂದರೆ ಆ ಶಿಲೀಂಧ್ರ ಬದುಕುವುದು ಕಾಫಿ ಜಾತಿಯ ಮೇಲೆ ಮಾತ್ರ. ಎಲ್ಲ ಶಿಲೀಂಧ್ರಗಳೂ ಇಷ್ಟು ಕಟ್ಟುನಿಟ್ಟಲ್ಲ. ಅದಕ್ಕೇ ಪರೀಕ್ಷೆ ಬೇಕು.

ನಮ್ಮ ಗದ್ದೆಯ ದೊಡ್ಡ ತಲೆನೋವು ಊದಲು ಜಾತಿಯ ಹುಲ್ಲು. ಎಳೆಯದಿದ್ದಾಗ ಥೇಟ್ ಭತ್ತದ ಸಸಿಯೇ. ಕಳೆ ಕೀಳುವವರ ಕಣ್ಣಿಗೂ ಮೋಸವಾಗುತ್ತದೆ. ತೆನೆ ಬಂದ ಮೇಲೆ ಗೊತ್ತಾದರೂ ಅಷ್ಟರಲ್ಲಿ ಗೊಬ್ಬರವನ್ನೆಲ್ಲ ತಿಂದಿರುತ್ತದೆ. ಆಳು ಸಿಗದೆ, ಕೂಲಿ ಕಟ್ಟಲಾಗದೆ ಎಷ್ಟು ಗದ್ದೆಗಳು ಅಡಿಕೆ, ಶುಂಠಿಯಾದವು ಅಂತ ನಿಮಗೇ ಗೊತ್ತು. ಕಳೆನಾಶಕ ಇದೆಯಲ್ಲ ಅನ್ನಬಹುದು. ಆದರೆ ಒಂದೇ ಔಷಧಿಯನ್ನು ವರ್ಷವರ್ಷ ಹೊಡೆದ ಕಡೆಗಳಲ್ಲಿ ಈ ಹುಲ್ಲು ಅದಕ್ಕೆ ಜಗ್ಗದಂತಾಗಿದೆ. ಅರ್ಕಾನ್ಸಾದಲ್ಲೇ ಪ್ರೊಪನಿಲ್ ಎಂಬ ಕಳೆನಾಶಕಕ್ಕೆ ಹಾಗಾಗಿದೆ.

ಈ ಹುಲ್ಲಿಗೂ ಒಂದು ಶಿಲೀಂಧ್ರ ಸಿಕ್ಕಿದೆ. ಎಕ್ಸೆರೋಹೈಲಮ್ ಮೊನೊಸೆರಾಸ್ ಅಂತ ಹೆಸರು. 1990ರ ದಶಕದಲ್ಲಿ ಫಿಲಿಪೀನ್ಸ್‌ನಲ್ಲಿ ಪ್ರಯೋಗ ಮಾಡಿದಾಗ ಎಳೆಯ ಹುಲ್ಲು ಸತ್ತಿತು, ಭತ್ತ ಉಳಿಯಿತು. ಹುಲ್ಲು ಬಲಿತ ಮೇಲೆ ಪರಿಣಾಮ ಕಡಿಮೆ. ಇನ್ನೊಂದು ಷರತ್ತು ತೇವ. ಬೀಜಕ ಮೊಳೆತು ಎಲೆಯೊಳಗೆ ಇಳಿಯಬೇಕಾದರೆ ಎಲೆ ಗಂಟೆಗಟ್ಟಲೆ ಒದ್ದೆಯಾಗಿರಬೇಕು. ಬಯಲುಸೀಮೆಯಲ್ಲಿ ಇದೇ ದೊಡ್ಡ ತೊಡಕು, ಅರಸೀಕೆರೆ ಕಡೆ ನಾನು ಇದನ್ನು ಹೇಳುವುದೇ ಇಲ್ಲ. ಮಲೆನಾಡಿನಲ್ಲಿ ನಾಟಿಯಾದ ಮೇಲೆ ತೇವಕ್ಕೇನು ಬರ? ಬೆಂಕಿ ರೋಗಕ್ಕೆ ಅನುಕೂಲವಾಗುವ ಹವೆಯೇ ಈ ಕೆಲಸಕ್ಕೂ ಬರುತ್ತದೆ. ಜೋರು ಮಳೆ ಬಂದರೆ ಹೊಡೆದದ್ದೆಲ್ಲ ತೊಳೆದು ಹೋಗುತ್ತದೆ, ಅದೂ ನಿಜ, ಹಾಗಾಗಿ ಹೊಳವು ಕೊಟ್ಟ ಸಂಜೆ ನೋಡಿಯೇ ಹೊಡೆಯಬೇಕಾಗುತ್ತದೆ.

ಹಾಗಾದರೆ ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ? ಹೆಚ್ಚಾಗಿ ಒಂದು ಶಿಲೀಂಧ್ರ ಒಂದೇ ಕಳೆಗೆ. ಊದಲು ಹೋದರೂ ಜೇಕು ಉಳಿಯುತ್ತದೆ. ಕಂಪನಿಗಳಿಗೆ ಅಷ್ಟು ಸಣ್ಣ ಮಾರುಕಟ್ಟೆ ಬೇಡ. ಜೊತೆಗೆ ಬೆಂಕಿ ರೋಗಕ್ಕೆ ಹೊಡೆಯುವ ಔಷಧಿ ಈ ಶಿಲೀಂಧ್ರವನ್ನೂ ಕೊಲ್ಲಬಹುದು.

ಹೊರಗಿನಿಂದ ತಂದರೆ ಸಾಕು ಅನ್ನುವುದೂ ನನಗೆ ಒಪ್ಪಿಗೆ ಇಲ್ಲ. ಮೈಕೇನಿಯಾ ಎಂಬ ಕಳೆ ಬಳ್ಳಿಗೆ ಅಂತ ತಂದ ತುಕ್ಕು ಶಿಲೀಂಧ್ರವನ್ನು 2005ರಲ್ಲಿ ಅಸ್ಸಾಂನಲ್ಲಿ, ಆಮೇಲೆ ಕೇರಳದಲ್ಲಿ ಬಿಟ್ಟರು, ಅದು ನೆಲೆ ನಿಲ್ಲಲಿಲ್ಲ. ನಮ್ಮ ಗದ್ದೆಯ ಹುಲ್ಲಿನ ಮೇಲೆ ನಮ್ಮ ಮಳೆಯಲ್ಲೇ ಬೆಳೆದ ಶಿಲೀಂಧ್ರ ಬೇಕು. ಬೆಳೆಗಾರರಿಗೆ ಇದು ಪೂರ್ತಿ ಹೊಸದೂ ಅಲ್ಲ ಅಲ್ವಾ? ಟ್ರೈಕೋಡರ್ಮಾವನ್ನು ಗೊಬ್ಬರಕ್ಕೆ ಬೆರೆಸುತ್ತೇವೆ, ಕಾಫಿಯ ಕಾಯಿಕೊರಕ ಹುಳಕ್ಕೆ ಬಿವೇರಿಯಾ ಹೊಡೆಯುತ್ತೇವೆ. ಎರಡೂ ಶಿಲೀಂಧ್ರಗಳೇ.

ಮೂಡಿಗೆರೆಯ ಸಂಶೋಧನಾ ಕೇಂದ್ರ ಇದನ್ನು ಕೈಗೆತ್ತಿಕೊಳ್ಳಲಿ ಅನ್ನುವುದು ನನ್ನ ಆಸೆ. ಭತ್ತದ ಮೇಲಷ್ಟೇ ಪರೀಕ್ಷೆ ಮಾಡಿದರೆ ಸಾಲದು. ನಾವು ತಿನ್ನುವ ಊದಲು ಸಿರಿಧಾನ್ಯವೂ ಈ ಕಳೆಯ ಹತ್ತಿರದ ನೆಂಟ, ರಾಗಿ ಕೂಡ ಹುಲ್ಲಿನ ಕುಲದ್ದೇ. ಎಲ್ಲದರ ಮೇಲೂ ನೋಡಬೇಕು. ನಿಮ್ಮ ಗದ್ದೆಯಲ್ಲಿ ಚುಕ್ಕೆ ಬಂದು ಒಣಗುತ್ತಿರುವ ಊದಲು ಹುಲ್ಲು ಕಂಡರೆ ಅರೆದು ಸಿಂಪಡಿಸಲು ಮಾತ್ರ ಹೋಗಬೇಡಿ, ಅದು ಭತ್ತಕ್ಕೂ ಬರುವ ರೋಗವೇ ಇರಬಹುದು. ಒಂದು ಗಿಡವನ್ನು ಬೇರು ಸಮೇತ ಕಿತ್ತು ಪೇಪರಿನಲ್ಲಿ ಸುತ್ತಿ, ಕೃಷಿ ವಿಜ್ಞಾನಿಗಳಿಗೆ ತೋರಿಸಿ, ಏನು ರೋಗ ಅಂತ ಕೇಳಿ.