ಎಲ್ಲಾ ಡಿಸೈಡ್

ಮಂಗಳವಾರ ರಾತ್ರಿ ಶುರುವಾದ ನಗು ಇನ್ನೂ ನಿಂತಿಲ್ಲ. ಆಫೀಸ್ ಮೀಟಿಂಗ್ ಮಧ್ಯೆ ನೆನಪಾಗಿ ಎರಡು ಸಲ ಮ್ಯೂಟ್ ಒತ್ತಿದ್ದೇನೆ.

ನಾವು ಸ್ಯಾನ್ ಡಿಯಾಗೋದ ಮೂರು ಕನ್ನಡ ಮನೆಯವರು ಫೆಬ್ರವರಿಯಲ್ಲಿ ಅಮೆರಿಕದ ಗಡಿ ದಾಟಿ ಮೆಕ್ಸಿಕೋದ ಬಾಹಾ ಪರ್ಯಾಯ ದ್ವೀಪದ ಕಡೆ ಹೊರಟಿದ್ದೇವೆ. ಕಾರಲ್ಲೇ. ಟಿಹ್ವಾನಾದಿಂದ ಕಾಬೊ ಸಾನ್ ಲೂಕಾಸ್ ತನಕ ಸುಮಾರು 1,700 ಕಿ.ಮೀ. ಒಂದೇ ಹೆದ್ದಾರಿ, ನಂಬರ್ 1. ಒಮ್ಮೆ ಪೆಸಿಫಿಕ್ ಪಕ್ಕ, ಒಮ್ಮೆ ಕೊರ್ತೆಸ್ ಸಮುದ್ರದ ಪಕ್ಕ, ಮಧ್ಯೆ ಬರೀ ಮರುಭೂಮಿ. ನಾವು ಹೋಗುವುದು ಅದರ ಅರ್ಧಕ್ಕೆ, ಸಾನ್ ಇಗ್ನಾಸಿಯೊ ಅನ್ನುವ ಖರ್ಜೂರದ ತೋಟದ ಊರಿಗೆ. ಅಲ್ಲಿಂದ ಇನ್ನೂ ಒಂದು ಗಂಟೆ ದಾರಿ ಹೋದರೆ ಲಗೂನ್. ಆ ಹಿನ್ನೀರಿಗೆ ಜನವರಿಯಿಂದ ಏಪ್ರಿಲ್ ತನಕ ಬೂದು ತಿಮಿಂಗಿಲಗಳು ಮರಿ ಹಾಕಿ ಸಾಕೋಕೆ ಬರುತ್ತವೆ. ಆರ್ಕ್‌ಟಿಕ್ ಕಡೆಯಿಂದ, ಹತ್ತಿರ ಹತ್ತಿರ 8,000 ಕಿ.ಮೀ. ಈಜಿಕೊಂಡು. ದೋಣಿಯಲ್ಲಿ ಕೂತರೆ ಕೆಲವು ಸಲ ತಾಯಿ ಮರಿಯನ್ನು ಕರೆದುಕೊಂಡು ಪಕ್ಕಕ್ಕೇ ಬರುತ್ತದೆ. ಕೈ ಚಾಚಿದರೆ ಮುಟ್ಟಬಹುದು.

ಈ ಪ್ರವಾಸದ ಎಕ್ಸೆಲ್ ನಮ್ಮ ಗೆಳೆಯನದು. ಗುಂಪಿನಲ್ಲಿ ಅವನನ್ನು ಮಿನಿಸ್ಟ್ರು ಅಂತಲೇ ಕರೆಯುತ್ತೇವೆ. ಪ್ಲಾನಿಂಗ್ ಮಿನಿಸ್ಟ್ರು. ಒಳ್ಳೆಯವನೇ, ಆದರೆ ಅವನ ಜೊತೆ ಪ್ರವಾಸ ಹೋಗೋದು ಅಂದರೆ ಪರೀಕ್ಷೆ ಬರೆಯೋಕೆ ಹೋದ ಹಾಗೆ. ಶೀಟ್‌ನಲ್ಲಿ ಸೂರ್ಯ ಮುಳುಗುವ ಸಮಯಕ್ಕೆ ಒಂದು ಕಾಲಂ, ಪೆಟ್ರೋಲಿಗೆ ಒಂದು, ಶೌಚಾಲಯಕ್ಕೆ ಒಂದು. ಕೊನೆಯ ಕಾಲಂ 'ಸ್ಟೇಟಸ್'. ಅದರಲ್ಲಿ ಎಲ್ಲವೂ ಹಸಿರು ಬಣ್ಣದಲ್ಲಿ 'ಕನ್ಫರ್ಮ್ಡ್' ಆಗೋ ತನಕ ಅವನಿಗೆ ನಿದ್ದೆ ಬರೋದಿಲ್ಲ.

ನ್ಯಾಯವಾಗಿ ಹೇಳಬೇಕು ಅಂದರೆ, ಈ ದಾರಿಗೆ ಶೀಟ್ ಬೇಕು. ಎಲ್ ರೊಸಾರಿಯೊ ದಾಟಿದ ಮೇಲೆ 300 ಕಿ.ಮೀ.ಗೂ ಜಾಸ್ತಿ ದೂರ ನಂಬಿಕೊಂಡು ಹೋಗುವಂಥ ಪೆಟ್ರೋಲ್ ಬಂಕ್ ಇಲ್ಲ. ನಡುವೆ ಕಟಾವಿನ್ಯಾ ಅಂತ ಒಂದು ಪುಟ್ಟ ಊರು, ಅಲ್ಲಿ ರಸ್ತೆ ಬದಿಯಲ್ಲಿ ಡ್ರಮ್ ಇಟ್ಟುಕೊಂಡು ಪೆಟ್ರೋಲ್ ಮಾರುತ್ತಾರೆ. ಸುತ್ತ ಮನೆಯಷ್ಟು ದೊಡ್ಡ ಬಂಡೆಗಳು, ಮೂಲಂಗಿಯನ್ನು ತಲೆಕೆಳಗಾಗಿ ನೆಟ್ಟ ಹಾಗಿರುವ ಸಿರಿಯೋ ಮರಗಳು. ರಸ್ತೆ 1973ರಲ್ಲಿ ಮುಗಿದದ್ದು. ಎಷ್ಟೋ ಕಡೆ ಕಿರಿದು, ಪಕ್ಕಕ್ಕೆ ಇಳಿಯೋಕೆ ಅಂಚೇ ಇಲ್ಲ. ಮುಂದಿನ ಲಾರಿಯವನು ಎಡ ಇಂಡಿಕೇಟರ್ ಹಾಕಿದರೆ 'ದಾರಿ ಖಾಲಿ ಇದೆ, ಹಿಂದೆ ಹಾಕು' ಅಂತ ಅರ್ಥ. ಅಥವಾ ಅವನೇ ಎಡಕ್ಕೆ ತಿರುಗುತ್ತಿದ್ದಾನೆ ಅಂತಲೂ ಇರಬಹುದು. ಕತ್ತಲಾದ ಮೇಲೆ ಓಡಿಸಲೇಬೇಡಿ ಅಂತ ಹೋಗಿ ಬಂದವರೆಲ್ಲ ಹೇಳುತ್ತಾರೆ. ಕಳ್ಳರ ಭಯಕ್ಕಲ್ಲ, ದನಗಳು ರಸ್ತೆಗೆ ಬರುತ್ತವೆ ಅಂತ. ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಅಷ್ಟು ದೂರ ಹೋಗಿ ದನ ನೋಡ್ತೀರಾ?" ಅಂದಳು.

ಬೇರೆ ಕೆಲಸಗಳೂ ಇದ್ದವು. ಇಲ್ಲಿನ ಕಾರ್ ಇನ್ಶೂರೆನ್ಸ್ ಅಲ್ಲಿ ನಡೆಯೋದಿಲ್ಲ, ಮೆಕ್ಸಿಕೋದ್ದೇ ಬೇರೆ ತಗೋಬೇಕು. ಅಲ್ಲಿ ಬೇಯಿಸಿದ ಹುರುಳಿಕಾಯಿ ಬೀಜದಲ್ಲಿ ಎಷ್ಟೋ ಸಲ ಹಂದಿ ಕೊಬ್ಬು ಇರುತ್ತದೆ, ಹಾಗಾಗಿ 'ಸಿನ್ ಮಾಂತೆಕಾ', ಅಂದರೆ ಕೊಬ್ಬು ಹಾಕದೆ, ಅನ್ನೋದನ್ನು ನನ್ನ ಹೆಂಡತಿ ಬಾಯಿಪಾಠ ಮಾಡಿದ್ದಾಳೆ. ಆದರೂ ಪುಳಿಯೋಗರೆ ಗೊಜ್ಜು ಬರುತ್ತಿದೆ, ಡಬ್ಬ ಆಗಲೇ ತೊಳೆದಿಟ್ಟಾಗಿದೆ.

ನನ್ನ ಪಾಲಿಗೆ ಬಂದದ್ದು ದೋಣಿಯವರ ಜೊತೆ ಮಾತು. ಸ್ಪ್ಯಾನಿಶ್ ಬರೋದಿಲ್ಲ, ಫೋನಿನ ಅನುವಾದವೇ ಗತಿ. ಎಷ್ಟು ಜನ, ಯಾವ ದಿನ, ಎಷ್ಟು ದುಡ್ಡು, ಎಲ್ಲ ಆಯಿತು. ಆಮೇಲೆ ಮಿನಿಸ್ಟ್ರು ಹೇಳಿದ್ದಕ್ಕೆ ಇನ್ನೊಂದು ಪ್ರಶ್ನೆ ಕಳಿಸಿದೆ: "ತಿಮಿಂಗಿಲ ದೋಣಿ ಹತ್ತಿರ ಬರೋದು ಗ್ಯಾರಂಟಿನಾ?"

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಎರಡೇ ಪದ. ನಾನು ಓದಿದ್ದು ಹೀಗೆ: "ಎಲ್ಲಾ ಡಿಸೈಡ್."

ನನಗೆ ಒಂದು ಚೂರೂ ಅನುಮಾನ ಬರಲಿಲ್ಲ. ನಮ್ಮ ಗುಂಪಿನಲ್ಲಿ ದಿನವಿಡೀ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯೋದು. ಎಲ್ಲಾ ಓಕೆ, ಎಲ್ಲಾ ರೆಡಿ, ಎಲ್ಲಾ ಡಿಸೈಡ್. ಬಾಹಾದ ಮೀನುಗಾರ ಯಾಕೆ ಕನ್ನಡ ಬರೆಯುತ್ತಾನೆ ಅಂತ ತಲೆಗೆ ಹೊಳೆಯಲೇ ಇಲ್ಲ ನೋಡಿ! ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಿದೆ. ಮಿನಿಸ್ಟ್ರು ತಕ್ಷಣ, "ಸೂಪರ್, ಎಲ್ಲಾ ಡಿಸೈಡ್, ಅಡ್ವಾನ್ಸ್ ಕಳಿಸು" ಅಂದ. ಆರು ಜನ ದೊಡ್ಡವರು, ಎಲ್ಲರೂ ಓದುಬರಹ ಬಲ್ಲವರು. ಆರೂ ಜನ ಹೆಬ್ಬೆರಳು ಎತ್ತಿದರು. ಶೀಟ್‌ನಲ್ಲಿ ತಿಮಿಂಗಿಲ ಹಸಿರಾಯಿತು.

ಮಂಗಳವಾರ ನನ್ನ ಮಗಳು ಫೋನ್ ಇಣುಕಿದಳು. ಆರನೇ ಕ್ಲಾಸು, ಸ್ಕೂಲಲ್ಲಿ ಸ್ಪ್ಯಾನಿಶ್ ಇದೆ.

"ಅಪ್ಪಾ, ಅದು ಎಲ್ಲಾ ಅಲ್ಲ. ಎಯ್ಯಾ. ಎಯ್ಯಾ ದೆಸೀದೆ."

"ಹಂಗಂದ್ರೆ?"

"ಅವಳು ಡಿಸೈಡ್ ಮಾಡ್ತಾಳೆ."

"ಯಾರು ಅವಳು?"

ಅವಳು ನನ್ನನ್ನೇ ನೋಡಿದಳು, ಇಷ್ಟೂ ಗೊತ್ತಾಗಲ್ವಾ ಅನ್ನೋ ಹಾಗೆ. "ತಿಮಿಂಗಿಲ."

ಗುಂಪಿಗೆ ಹಾಕಿದೆ. ನಗುವ ಮುಖಗಳ ಸುರಿಮಳೆ. ಮಿನಿಸ್ಟ್ರು ಮಾತ್ರ ನಗಲಿಲ್ಲ. "ಹಾಗಾದ್ರೆ ಗ್ಯಾರಂಟಿ ಇಲ್ವಾ? ಅವಳು ಬರದಿದ್ರೆ ದುಡ್ಡು ವಾಪಸ್ ಕೊಡ್ತಾರಾ ಕೇಳು" ಅಂದ. ನಾನು ಕೇಳಲಿಲ್ಲ. ಆ ಎರಡು ಪದ ಕಳಿಸಿದವನಿಗೆ ಆ ಪ್ರಶ್ನೆ ಕಳಿಸೋಕೆ ನಾಚಿಕೆ ಆಯಿತು.

ಆ ರಾತ್ರಿ ಸುಮ್ನೆ ಓದುತ್ತಾ ಕೂತೆ. 1857ರ ಚಳಿಗಾಲ. ಸಾನ್ ಇಗ್ನಾಸಿಯೊಗಿಂತ ಉತ್ತರಕ್ಕೆ ಓಹೋ ದೆ ಲಿಯೆಬ್ರೆ ಅನ್ನುವ ಇನ್ನೊಂದು ಲಗೂನ್. ಚಾರ್ಲ್ಸ್ ಸ್ಕ್ಯಾಮನ್ ಅನ್ನುವ ಕ್ಯಾಪ್ಟನ್ ತಿಮಿಂಗಿಲದ ಎಣ್ಣೆಗಾಗಿ ಅಲ್ಲಿಗೆ ಬೇಟೆ ಹಡಗು ನುಗ್ಗಿಸಿದ. ತಪ್ಪಿಸಿಕೊಳ್ಳೋಕೆ ಜಾಗ ಇಲ್ಲದ ನೀರು. ಮರಿಗೆ ಪೆಟ್ಟು ಬಿದ್ದರೆ ತಾಯಂದಿರು ತಿರುಗಿಬಿದ್ದು ದೋಣಿಗಳನ್ನು ಒಡೆಯುತ್ತಿದ್ದವು. ಬೇಟೆಯವರು ಅವಕ್ಕೆ ಇಟ್ಟ ಹೆಸರು ದೆವ್ವದ ಮೀನು. ಆ ಭಯ ನೂರು ವರ್ಷ ಉಳಿಯಿತು, ಲಗೂನ್‌ನ ಮೀನುಗಾರರೂ ದೂರವೇ ಇರುತ್ತಿದ್ದರು. 1972ರಲ್ಲಿ ಸಾನ್ ಇಗ್ನಾಸಿಯೊ ಲಗೂನ್‌ನಲ್ಲಿ ಪಾಚಿಕೊ ಮಯೊರಾಲ್ ಎಂಬ ಮೀನುಗಾರರ ದೋಣಿ ಪಕ್ಕಕ್ಕೆ ಒಂದು ತಿಮಿಂಗಿಲ ಬಂತು. ದೋಣಿಗಿಂತ ದೊಡ್ಡದು. ಎಷ್ಟು ಹೊತ್ತಾದರೂ ಹೋಗಲಿಲ್ಲ. ಕೊನೆಗೆ ಅವರು ಹೆದರುತ್ತಲೇ ಕೈ ನೀರಿಗೆ ಇಳಿಸಿ ಮುಟ್ಟಿದರು. ಈಗ ನಾವು ಮಕ್ಕಳನ್ನು ಕಟ್ಟಿಕೊಂಡು ಹೊರಟಿರೋದು ಅವತ್ತು ಶುರುವಾದದ್ದಕ್ಕೆ. ಮೊದಲು ಹತ್ತಿರ ಬಂದದ್ದು ಅವಳು. ಇವರು ಕರೆದಿರಲಿಲ್ಲ.

ಅದಕ್ಕೇ ಇರಬೇಕು, ದೋಣಿಯವನು ಪ್ರಶ್ನೆಗೆ ಅಷ್ಟು ಚಿಕ್ಕ ಉತ್ತರ ಕೊಟ್ಟದ್ದು. ಅವನಿಗೆ ಅದರಲ್ಲಿ ಹೇಳೋಕೆ ಬೇರೆ ಏನೂ ಇಲ್ಲ.

ಮಿನಿಸ್ಟ್ರ ಬಗ್ಗೆ ಮೇಲೆ ಬರೆದದ್ದನ್ನು ಅಳಿಸೋಣ ಅನ್ನಿಸಿತು, ಇರಲಿ ಅಂತ ಬಿಟ್ಟೆ. ಆದರೆ ಇದನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಅವನ ಕೆಲಸ ಹೋಯಿತು. ನಮ್ಮಂಥ ಕೆಲಸದ ವೀಸಾದವರಿಗೆ ಆಗ ಸಿಗೋದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಸಿಗದಿದ್ದರೆ ಮನೆ, ಕಾರು, ಮಕ್ಕಳ ಸ್ಕೂಲು ಎಲ್ಲ ಬಿಟ್ಟು ಹೊರಡಬೇಕು. ಅವನಿಗೆ ಸಿಕ್ಕಿದ್ದು 51ನೇ ದಿನ. ಆ 51 ದಿನಕ್ಕೂ ಅವನು ಒಂದು ಶೀಟ್ ಮಾಡಿದ್ದ. ಅದರಲ್ಲೂ 'ಸ್ಟೇಟಸ್' ಕಾಲಂ ಇತ್ತು, ಕೆಳಗಿನ ತನಕ ಖಾಲಿ. ಒಮ್ಮೆ ತೋರಿಸಿದ್ದ. ನಾನು ತಮಾಷೆ ಮಾಡಿದ್ದೆ.

ಇದೇ ಪ್ರವಾಸಕ್ಕೆ ಮೊದಲು ನಾಲ್ಕು ಮನೆ ಇತ್ತು. ನಾಲ್ಕನೆಯವರ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಸ್ಟಾಂಪ್ ಮುಗಿದಿದೆ. ಇಲ್ಲಿ ಇರೋಕೆ ಕೆಲಸದ ಅನುಮತಿ ಕಾಗದ ಸಾಕು, ಆದರೆ ಮೆಕ್ಸಿಕೋದ್ದೇ ಬೇರೆ ವೀಸಾ ಇಲ್ಲದೆ ಗಡಿ ದಾಟೋಕೆ ಮೆಕ್ಸಿಕೋದವರಿಗೆ ಚಾಲ್ತಿಯಲ್ಲಿರುವ ಸ್ಟಾಂಪ್ ಬೇಕು, ಇಲ್ಲಾ ಗ್ರೀನ್ ಕಾರ್ಡ್. ಅವರ ಮನೆಯಿಂದ ಗಡಿ ಅರ್ಧ ಗಂಟೆ. ಆ ಮನೆಯ ಹುಡುಗ ನನ್ನ ಮಗಳ ಕ್ಲಾಸ್‌ಮೇಟ್, ತಿಮಿಂಗಿಲದ ಚಿತ್ರ ಬರೆದು ಕೊಟ್ಟಿದ್ದಾನೆ, ತಗೊಂಡು ಹೋಗಿ ತೋರಿಸಿ ಅಂತ. ಯಾರಿಗೆ ತೋರಿಸಬೇಕೋ ಕೇಳಲಿಲ್ಲ.

ನಮ್ಮಂಥವರು ಸಂಜೆ ಆರಕ್ಕೆ ಯಾವ ಊರಲ್ಲಿ ಇರುತ್ತೇವೆ ಅಂತ ನಿಮಿಷದ ಲೆಕ್ಕ ಹಾಕುತ್ತೇವೆ. ಮುಂದಿನ ವರ್ಷ ಯಾವ ದೇಶದಲ್ಲಿ ಇರುತ್ತೇವೆ ಅನ್ನೋದಕ್ಕೆ ನಮ್ಮ ಹತ್ತಿರ ಕಾಲಮ್ಮೇ ಇಲ್ಲ. ಅದನ್ನು ಬೇರೆ ಯಾರೋ ತುಂಬುತ್ತಾರೆ. ಅವರು ನಮ್ಮ ಪ್ರಶ್ನೆಗೆ ಎರಡು ಪದದ ಉತ್ತರವನ್ನೂ ಬರೆಯೋದಿಲ್ಲ.

ನಿನ್ನೆ ಮಿನಿಸ್ಟ್ರು ಫೋನ್ ಮಾಡಿದ್ದ. ಟೈರ್ ವಿಷಯ ಮಾತಾಡಿದ, ಸ್ಪೇರ್ ಟೈರಿಗೂ ಗಾಳಿ ನೋಡ್ಕೋ ಅಂದ. ಇಡುವ ಮೊದಲು, "ಅದೇನೋ ಹೇಳಿದಳಲ್ಲ ನಿನ್ನ ಮಗಳು, ಎಯ್ಯಾ... ಅದನ್ನು ಹೇಗೆ ಹೇಳೋದು?" ಅಂತ ಕೇಳಿದ. ಮಗಳೇ ಫೋನ್ ತಗೊಂಡು ಮೂರು ಸಲ ಹೇಳಿಕೊಟ್ಟಳು.

ಇವತ್ತು ಬೆಳಿಗ್ಗೆ ಶೀಟ್ ತೆರೆದೆ. ತಿಮಿಂಗಿಲದ ಸಾಲಿನಲ್ಲಿ ಹಸಿರು ಹೋಗಿದೆ. 'ಕನ್ಫರ್ಮ್ಡ್' ಇದ್ದ ಕಡೆ ಕನ್ನಡದಲ್ಲಿ 'ಎಯ್ಯಾ ದೆಸೀದೆ' ಅಂತ ಬರೆದು ಹಳದಿ ಬಣ್ಣ ಹಾಕಿದ್ದಾನೆ. ಅದರ ಕೆಳಗಿನ ಸಾಲು ಶೌಚಾಲಯದ್ದು. 10:40. ಹಸಿರು.